ಎರಡು ಮೂತಿಯ ಬ್ರೀದರ್ ಡಬ್ಬಿ

ಶಿಕಾರಿಪುರದ ನಮ್ಮ ಮೋಟಾರು ಶೆಡ್ಡನ್ನು ಇನ್ನು ಮುಂದೆ ನನ್ನ ಮೈದುನನ ಮೊಮ್ಮಗಳು ಸೌಮ್ಯ ನೋಡಿಕೊಳ್ಳುತ್ತಾಳೆ. ಆಟೊಮೊಬೈಲ್ ಡಿಪ್ಲೊಮಾ ಮಾಡಿದ ಹುಡುಗಿ. ಮೊನ್ನೆ ಅಟ್ಟ ಗುಡಿಸುವಾಗ ತುಕ್ಕು ಹಿಡಿದ ತಗಡಿನ ಡಬ್ಬಿಯೊಂದನ್ನು ಕೆಳಗಿಳಿಸಿ ನನ್ನ ಮುಂದೆ ಇಟ್ಟಳು. "ಅಜ್ಜಿ, ಇದು ಎಂಜಿನ್ನಿನ ಬ್ರೀದರ್ ಡಬ್ಬಿ ಅಂತ ಗೊತ್ತಾಯ್ತು. ಒಳಗೆ ಬರೋಕೆ ಒಂದು ಪೈಪು, ಹೊರಗೆ ಹೋಗೋಕೆ ಒಂದು ಮೂತಿ, ಸರಿ. ಈ ಇನ್ನೊಂದು ಮೂತಿ ಯಾಕೆ? ಯಾವ ಪುಸ್ತಕದಲ್ಲೂ ಇಲ್ವಲ್ಲ?"

ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ಪುಸ್ತಕ ಬರೆದವರು ಯಾರೂ ಮುರಿಗೆಪ್ಪ ಸಾಹುಕಾರರ ಕಾರು ರಿಪೇರಿ ಮಾಡಿದವರಲ್ಲ. ಆ ಮೂತಿಯ ಕಥೆ ಹೇಳದೆ ಶೆಡ್ಡಿನ ಬೀಗದ ಕೈ ಮಾತ್ರ ಅವಳಿಗೆ ಕೊಟ್ಟರೆ ಅರ್ಧ ಕೊಟ್ಟಂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಶೆಡ್ಡಿನ ಕೆಲಸದವಳೆಂದು ಯಾರೂ ಯಾವತ್ತೂ ಹೇಳಲಿಲ್ಲ. ನಾನು ಗೃಹಿಣಿ. ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿ, ಐವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಈ ಊರಿಗೆ ಬಂದೆ. ಅಡುಗೆಮನೆಗೂ ಶೆಡ್ಡಿಗೂ ನಡುವೆ ಬಚ್ಚಲ ಗೋಡೆಯೊಂದೇ ಅಡ್ಡ. ಆ ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯಿಂದ ಆಚೆಗೆ ಕಾಫಿ ಹೋಗುತ್ತಿತ್ತು, ಈಚೆಗೆ ಇಂಗ್ಲಿಷ್ ಪುಸ್ತಕಗಳು ಬರುತ್ತಿದ್ದವು. ನಮ್ಮವರ ಕೈಗೆ ಎಂಜಿನ್ನಿನ ಭಾಷೆ ಬರುತ್ತಿತ್ತು, ಕಣ್ಣಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಇಂಗ್ಲಿಷ್ ಬರುತ್ತಿತ್ತು, ಎಂಜಿನ್ ಎಂದರೆ ರೈಲಿನದೊಂದೇ ಗೊತ್ತಿತ್ತು. ಹೀಗೆ ಇಬ್ಬರು ಅರ್ಧರ್ಧ ಮಂದಿ ಸೇರಿ ಒಬ್ಬ ಪೂರ್ತಿ ಮೆಕ್ಯಾನಿಕ್ ಆದೆವು. ಬೋರ್ಡಿನ ಮೇಲೆ ಮಾತ್ರ ಒಬ್ಬರದೇ ಹೆಸರು. ಆಮೇಲೆ ಗ್ಯಾಸ್ಕೆಟ್ ಕತ್ತರಿಸುವುದು, ಆಯಿಲ್ ಸೋರದಂತೆ ಹಾಕುವ ಫೆಲ್ಟಿನ ಬಳೆ ಹೊಲಿಯುವುದು ಕೂಡ ಕಿಂಡಿಯಿಂದ ಈಚೆಗೆ ಬಂತು. ಕಾನ್ವೆಂಟಿನ ಸಿಸ್ಟರ್ ನನಗೆ ಮೇಜಿನ ಬಟ್ಟೆಗೆ ಗುಲಾಬಿ ಹೊಲಿಯುವುದನ್ನು ಕಲಿಸಿದ್ದರು. ಅದೇ ಹೊಲಿಗೆಯಲ್ಲಿ ನಾನು ಲಾರಿಗಳ ಆಯಿಲ್ ಸೋರುವುದನ್ನು ನಿಲ್ಲಿಸಿದೆ. ಇಷ್ಟು ವರ್ಷದ ಸೇವೆಯಲ್ಲಿ ನನಗೆ ಸಿಕ್ಕ ಬಡ್ತಿ ಒಂದೇ: ಸೊಸೆಯಾಗಿದ್ದವಳು ಅತ್ತೆಯಾದೆ.

ನನ್ನ ಮೇಲಧಿಕಾರಿ ನಮ್ಮ ಮಾವ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕಿಸುತ್ತಿದ್ದವರು. ಗಾಡಿ ಎಂದರೆ ಎತ್ತು ಇರಬೇಕು ಎನ್ನುವ ಸಿದ್ಧಾಂತದವರು. ಶೆಡ್ಡು ಅವರ ಜಾಗ. ಮಗನ ಮೋಟಾರು ರಿಪೇರಿ ಎರಡು ದಿನದ ಹುಚ್ಚು, ಅಲ್ಲೊಂದು ಹಿಟ್ಟಿನ ಗಿರಣಿ ಹಾಕಬೇಕು ಎಂಬುದು ಅವರ ಆಸೆ. ಬರೀ ಆಸೆಯಲ್ಲ, ಗಿರಣಿಯ ಎರಡು ಕಲ್ಲುಗಳನ್ನು ಆಗಲೇ ತರಿಸಿ ಶೆಡ್ಡಿನ ಮೂಲೆಯಲ್ಲಿ ಇಳಿಸಿದ್ದರು. ದಿನಾ ಬೆಳಿಗ್ಗೆ ಅವುಗಳ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ, "ನಿಮ್ಮ ಸ್ಪ್ಯಾನರ್ ನೆಕ್ಕಿದ್ರೆ ಹೊಟ್ಟೆ ತುಂಬಲ್ಲ ಕಣೋ. ಜನ ಕಾರಿಲ್ದೆ ಬದುಕ್ತಾರೆ, ರೊಟ್ಟಿ ಇಲ್ದೆ ಬದುಕಲ್ಲ" ಅನ್ನುತ್ತಿದ್ದರು. ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಊರಲ್ಲಿದ್ದ ಕಾರುಗಳೇ ನಾಲ್ಕೈದು. ಅವೂ ಕೆಟ್ಟರೆ ಶಿವಮೊಗ್ಗಕ್ಕೆ ಹೋಗುತ್ತಿದ್ದವು, ದೊಡ್ಡ ಮನೆಯವರ ಕಾಯಿಲೆಯ ಹಾಗೆ.

ಅಂಥ ಹೊತ್ತಿನಲ್ಲಿ ಮುರಿಗೆಪ್ಪ ಸಾಹುಕಾರರು ನಮ್ಮ ಶೆಡ್ಡಿಗೆ ಬಂದರು.

ಸಾಹುಕಾರರದು ಹಳೆಯ ವಿಲಾಯತಿ ಕಾರು. ಯಾರೋ ದೊರೆಯ ಕೈಯಿಂದ ಯಾರೋ ವಕೀಲರ ಕೈಗೆ, ಅಲ್ಲಿಂದ ಇವರ ಕೈಗೆ ಬಂದದ್ದು. ಹೊರಗೆ ಮದುಮಗನಂತೆ ಹೊಳೆಯುತ್ತಿತ್ತು, ಒಳಗೆ ಪಿಸ್ಟನ್ ರಿಂಗುಗಳು ಸವೆದು ಹೋಗಿದ್ದವು. ಅವರ ಹೆಂಡತಿ ಗಂಗಮ್ಮನವರ ತವರು ಸೊರಬ. ತವರಿಗೆ ಹೋಗುವಾಗ ಆಕೆ ಕಾರು ಹತ್ತುತ್ತಿರಲಿಲ್ಲ. ಹತ್ತಿದರೆ ಕೆರೆಯ ಏರಿ ದಾಟುವುದರೊಳಗೆ ವಾಂತಿ. ಕಾರು ಬಾಗಿಲಲ್ಲಿ ಹೊಳೆಯುತ್ತ ನಿಂತಿರುವಾಗಲೇ ಆಕೆ ಕಮಾನು ಗಾಡಿ ಹೂಡಿಸಿಕೊಂಡು ಹೊರಡುತ್ತಿದ್ದರು. ಹಿಂದಿನಿಂದ ಸಾಹುಕಾರರು ಕಾರಿನಲ್ಲಿ, ಎತ್ತಿನ ನಡಿಗೆಯಲ್ಲಿ. ಸಂತೆಗೆ ಬಂದವರು ನಿಂತು ನೋಡುತ್ತಿದ್ದರು.

"ನೋಡ್ರೀ ಗುರುಶಾಂತಪ್ಪ," ಸಾಹುಕಾರರು ನಮ್ಮವರಿಗೆ ಹೇಳಿದರು, "ಊರಾಗೆ ಮಾನ ಹೋಗ್ತೈತೆ. ಆ ವಾಸನೆ ನಿಲ್ಲಬೇಕು. ಆದ್ರೆ ಎಂಜಿನ್ ಬಿಚ್ಚಂಗಿಲ್ಲ."

"ಬಿಚ್ಚಿ ರಿಂಗ್ ಹಾಕಿದ್ರೇ ನೆಟ್ಟಗಾಗೋದು ಸಾಹುಕಾರ್ರೇ."

"ಒಂದ್ಸಲ ಎದೆ ಬಗೆದ ಮ್ಯಾಲೆ ಯಾವನು ಮೊದಲಿನಂಗೆ ಓಡ್ತಾನ್ರೀ? ಬಿಚ್ಚಂಗಿಲ್ಲ ಅಂದ್ರೆ ಬಿಚ್ಚಂಗಿಲ್ಲ."

ಸೌಮ್ಯ, ಮೊದಲ ಪಾಠ ಇದು. ಗಿರಾಕಿ ಹೇಳುವ ಕಾಯಿಲೆ ಬೇರೆ, ಇರುವ ಕಾಯಿಲೆ ಬೇರೆ, ಅವನು ಮಾಡಲು ಬಿಡುವ ಚಿಕಿತ್ಸೆ ಮೂರನೆಯದು. ನಿನ್ನ ಡಿಪ್ಲೊಮಾ ಎರಡನೆಯದಕ್ಕೆ ಮಾತ್ರ.

ನಾನು ಪುಸ್ತಕ ತೆರೆದು ಕಿಂಡಿಯಲ್ಲಿ ಓದಿ ಹೇಳಿದೆ. ಪೆಟ್ರೋಲು ಉರಿದಾಗ ಹೊಗೆಯಲ್ಲಿ ಒಂದಿಷ್ಟು ಪಿಸ್ಟನ್ನಿನ ಸಂದಿನಿಂದ ಕೆಳಗೆ ಆಯಿಲ್ ಇರುವ ಕೋಣೆಗೆ ನುಸುಳುತ್ತದೆ. ರಿಂಗು ಸವೆದಷ್ಟೂ ಹೆಚ್ಚು ನುಸುಳುತ್ತದೆ. ಅದು ಹೊರಗೆ ಹೋಗಲು ಒಂದು ಕೊಳವೆ ಇರುತ್ತದೆ, ಅದೇ ಬ್ರೀದರ್, ಎಂಜಿನ್ನಿನ ಮೂಗು. ಸಾಹುಕಾರರ ಕಾರಿನಲ್ಲಿ ಆ ಮೂಗಿನಿಂದ ಹೊಗೆಯ ಜೊತೆ ಆಯಿಲ್ ಹನಿಗಳೂ ಹಾರಿ, ಕಾಲಡಿಯ ಹಲಗೆಯ ಸಂದಿನಿಂದ ಗಂಗಮ್ಮನವರ ಮೂಗಿಗೆ ಬರುತ್ತಿದ್ದವು. ಎಂಜಿನ್ನಿನ ಮೂಗಿಗೂ ಗಂಗಮ್ಮನವರ ಮೂಗಿಗೂ ನಡುವೆ ಒಂದು ಡಬ್ಬಿ ಇಟ್ಟರೆ, ಹೊಗೆ ಅದರೊಳಗೆ ಬಂದು ಸುಸ್ತಾಗಿ ನಿಧಾನವಾಗುತ್ತದೆ, ಆಯಿಲ್ ಕೆಳಗೆ ಕೂರುತ್ತದೆ, ಗಾಳಿ ಮಾತ್ರ ಹೊರಗೆ ಹೋಗುತ್ತದೆ.

"ಕಬ್ಬಿಣ ಉಸಿರಾಡ್ತದಾ ಕಾನ್ವೆಂಟಮ್ಮ?" ಮಾವ ಗಿರಣಿ ಕಲ್ಲಿನ ಮೇಲಿಂದ ಕೇಳಿದರು. "ನಾಳೆ ಅದಕ್ಕೆ ಕೆಮ್ಮು ಬಂದ್ರೆ ಕಷಾಯ ಕಾಸ್ತೀಯೇನು?"

"ಕೆಮ್ಮು ಬಂದಿದೆ ಮಾವ. ಈಗ ಕಾಸ್ತಿರೋದು ಅದಕ್ಕೇ," ಅಂದೆ. ಕಾನ್ವೆಂಟಿನ ಮೆಲುದನಿಯ ಒಂದು ಉಪಯೋಗವೆಂದರೆ, ಎದುರು ಮಾತಾಡಿದರೂ ಪ್ರಾರ್ಥನೆಯಂತೆ ಕೇಳಿಸುತ್ತದೆ.

ಸಾಹುಕಾರರಿಗೆ ನಾವು ಡಬ್ಬಿ ಕಟ್ಟುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ತಾವೇ ಹುಬ್ಬಳ್ಳಿಗೆ ಹೋಗಿ ಅಂಗಡಿಯ ಡಬ್ಬಿಯೊಂದನ್ನು ಆರಿಸಿ ತಂದರು. ಹಿತ್ತಾಳೆಯದು, ಕುಂಕುಮದ ಭರಣಿಯಷ್ಟು ಮುದ್ದಾದದ್ದು. ಪೈಪು ಕಿರುಬೆರಳಿನ ಗಾತ್ರ. ಯಾವುದೋ ಮೋಟಾರು ಸೈಕಲ್ಲಿಗೆ ಹೇಳಿ ಮಾಡಿಸಿದ್ದಿರಬೇಕು. ನಮ್ಮವರು ಹಿಂದೆ ಮುಂದೆ ನೋಡಿದರು. "ಹೊಳಪು ನೋಡ್ರೀ ಅದರದು! ಹಾಕ್ರೀ ಸುಮ್ನೆ" ಎಂದರು ಸಾಹುಕಾರರು. ಹಾಕಿದೆವು. ಎಮ್ಮೆಗೆ ಗುಬ್ಬಿಯ ಮೂಗು ಅಂಟಿಸಿದಂತಾಯಿತು. ಮೂಗಲ್ಲಿ ಹೋಗಲಾರದ ಉಸಿರು ಬೇರೆ ದಾರಿ ಹುಡುಕಿತು. ಆಯಿಲ್ ಅಳೆಯುವ ಕಡ್ಡಿ ತನ್ನ ತೂತಿನಿಂದ ಮೇಲೆ ಹಾರಿ, ಬಾನೆಟ್ಟಿನೊಳಗೆಲ್ಲ ಆಯಿಲ್ ಸಿಡಿಯಿತು. ಸಾಹುಕಾರರು ಬಗ್ಗಿ ನೋಡಿ, "ಡಬ್ಬಿ ಭಾಳ ಚಲೋ ಐತ್ರೀ, ನೀವು ಕೂಡಿಸಿದ್ದು ಸರಿ ಇಲ್ಲ" ಎಂದು ತೀರ್ಪು ಕೊಟ್ಟರು. ಬ್ರೀದರ್ ಡಬ್ಬಿ ಆರಿಸುವಾಗ ಮೊದಲು ನೋಡಬೇಕಾದ್ದು ಪೈಪಿನ ಬಾಯಿ. ಎಂಜಿನ್ನಿನ ಕೊಳವೆಗಿಂತ ಅದು ಒಂದು ಕೂದಲೆಳೆಯಷ್ಟೂ ಚಿಕ್ಕದಿರಬಾರದು. ಹೊಳಪನ್ನು ಕೊನೆಗೆ, ಪುರುಸೊತ್ತಿದ್ದರೆ ನೋಡಿದರಾಯಿತು.

ಆಮೇಲೆ ನಾವೇ ಕಟ್ಟಲು ಕೂತೆವು. ನಾನು ಅವಲಕ್ಕಿ ತುಂಬಿಡುತ್ತಿದ್ದ ತಗಡಿನ ಡಬ್ಬಿ ಕಿಂಡಿ ದಾಟಿತು. ಕಲಾಯಿ ಹಾಕುವ ರಸೂಲ್ ಸಾಹೇಬರು ಬಂದು ಪೈಪುಗಳನ್ನು ಬೆಸೆದರು. ಹೊಗೆಯನ್ನು ಸೋಸಲು ಒಳಗೆ ಏನಾದರೂ ಬೇಕಲ್ಲ? "ತೆಂಗಿನ ನಾರು ತುಂಬ್ರೋ. ಎಣ್ಣೆ ಜಿಡ್ಡು ತೆಗೆಯೋಕೆ ಅದನ್ನ ಮೀರಿಸಿದ್ದು ಇಲ್ಲ," ಎಂದು ಮಾವ ಮೊದಲ ಸಲ ಕೆಲಸದಲ್ಲಿ ಆಸಕ್ತಿ ತೋರಿಸಿದರು. ಆ ಸಂತೋಷಕ್ಕೆ ನಾರನ್ನೇ ತುಂಬಿದೆವು. ಬಿಸಿ ಆಯಿಲ್ ಕುಡಿದು ಅದು ಎಮ್ಮೆ ಮೈ ತಿಕ್ಕಿದ ಗುಂಜಿನ ಹಾಗೆ ಗಂಟುಗಟ್ಟಿ ಕೂತಿತು. ಹೊರಗೆ ತೆಗೆದಾಗ ಬಂದ ವಾಸನೆಗೆ ಎತ್ತುಗಳೇ ಮುಖ ತಿರುಗಿಸಿದವು. ಮಾವ ಮಾತ್ರ, "ನಾರು ಸರಿಯಾಗಿ ತೊಳೆದಿಲ್ಲ ನೀವು" ಎಂದರು. ಸಾಹುಕಾರರಿಗೂ ಮಾವನಿಗೂ ಒಂದೇ ಗುರುಕುಲದ ವಿದ್ಯೆ.

ಆಗ ನನ್ನ ಹಿಟ್ಟಿನ ಜರಡಿ ಹೋಯಿತು. ಅದರ ತಂತಿಯ ಬಲೆಯನ್ನು ಸುರುಳಿ ಸುತ್ತಿ ಡಬ್ಬಿಯೊಳಗಿಟ್ಟೆವು. ಒಳಗೆ ಬಂದ ಹೊಗೆ ನೆಟ್ಟಗೆ ಆಚೆ ಓಡದಂತೆ ಅಡ್ಡ ಇಡಲು ತೂತಿನ ತಟ್ಟೆಯೊಂದು ಬೇಕಾಗಿತ್ತು. ನಮ್ಮವರು ಕಿಂಡಿಯಿಂದ ನನ್ನ ಕಾಫಿ ಫಿಲ್ಟರನ್ನೇ ನೋಡುತ್ತ ನಿಂತರು. ನಾನೇ ಅದರ ತೂತಿನ ತಟ್ಟೆಯನ್ನು ತೆಗೆದು ಕಿಂಡಿಯಲ್ಲಿಟ್ಟೆ. ಮಾರನೆಯ ದಿನದಿಂದ ಮನೆಯಲ್ಲಿ ಬಟ್ಟೆಯಲ್ಲಿ ಸೋಸಿದ ಕಾಫಿ.

ಇನ್ನೊಂದು ಪಜೀತಿಯಾಯಿತು. ಜಾಗ ಖಾಲಿ ಇದೆಯೆಂದು ಡಬ್ಬಿಯನ್ನು ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಕಟ್ಟಿದ್ದೆವು. ಆ ಕಾವಿಗೆ ರಸೂಲ್ ಸಾಹೇಬರ ಬೆಸುಗೆ ಕರಗಿ, ಡಬ್ಬಿ ಬಾಯಿ ಬಿಟ್ಟುಕೊಂಡಿತು. "ನಾನು ಬೆಸೆದಿದ್ದು ಅವಲಕ್ಕಿ ಡಬ್ಬಿ ತಾಯಿ, ಒಲೆಗೆ ಇಡ್ತೀರಿ ಅಂತ ಮೊದ್ಲೇ ಹೇಳಬೇಕಿತ್ತು" ಎಂದು ಅವರು ನಕ್ಕರು. ಕಾವಿನಿಂದ ದೂರ, ಎಂಜಿನ್ನಿನ ಕೊಳವೆಗಿಂತ ಎತ್ತರದಲ್ಲಿ ಕಟ್ಟಬೇಕು. ಎತ್ತರದಲ್ಲಿದ್ದರೆ ಕೂತ ಆಯಿಲ್ ತಾನೇ ಕೆಳಗಿಳಿದು ಎಂಜಿನ್ನಿಗೆ ವಾಪಸಾಗುತ್ತದೆ. ಕೊನೆಗೆ ಬಲಗಡೆ ಎತ್ತರದಲ್ಲಿ ಕೂರಿಸಿ, ಗಾಳಿ ಹೋಗುವ ತಾಮ್ರದ ಮೂತಿಯನ್ನು ಮಡ್‌ಗಾರ್ಡಿನ ಪಕ್ಕದಿಂದ ಹೊರಕ್ಕೆ ತಂದೆವು. ಸಾಹುಕಾರರು ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿದರು. ಹೊಳಪಿನ ಆಸೆಯೂ ತೀರಬೇಕಲ್ಲ.

ಪರೀಕ್ಷೆಗೆ ನಮ್ಮ ಹತ್ತಿರ ಇದ್ದ ಮೀಟರು ಗಂಗಮ್ಮನವರ ಮೂಗು. ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಮಾಡಿ ಆಕೆಯನ್ನು ಕೂರಿಸಿದೆವು. ಆಕೆ ಕಣ್ಣು ಮುಚ್ಚಿ, ಸೆರಗು ಬಾಯಿಗೆ ಹಿಡಿದು, ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ತೆರೆದು, "ನಾರ್ತಾ ಇಲ್ಲ ಕಣವ್ವ ವಿಮಲ!" ಎಂದರು. ಆ ಮುಖದ ಸಂತೋಷ ನೋಡಿ ನನ್ನ ಜರಡಿ, ಫಿಲ್ಟರು ಎಲ್ಲ ಬಡ್ಡಿ ಸಮೇತ ವಾಪಸು ಬಂದಂತಾಯಿತು.

ಸಾಹುಕಾರರು ಅಷ್ಟಕ್ಕೆ ಒಪ್ಪುವವರಲ್ಲ. "ನಿಂತ ಕಾರಾಗೆ ಯಾರಾದ್ರೂ ಕೂಡ್ತಾರೆ. ನವರಾತ್ರಿಗೆ ಸೊರಬಕ್ಕೆ ಹೋಗಣ. ಇವಳು ವಾಂತಿ ಇಲ್ದೆ ಅಣ್ಣನ ಮನೆ ಬಾಗಿಲಿಗೆ ಇಳಿದ್ರೆ, ನಾನು ಸೊರಬದ ಲೈನಿಗೆ ತರ್ತಿರೋ ಎರಡು ಬಸ್ಸೂ ನಿಮ್ಮ ಶೆಡ್ಡಿಗೆ. ಇಲ್ಲಾಂದ್ರೆ ಶಿವಮೊಗ್ಗಕ್ಕೆ." ಮಾವ ಮೂಲೆಯಿಂದ ಸೇರಿಸಿದರು: "ಇಲ್ಲಾಂದ್ರೆ ವಿಜಯದಶಮಿ ದಿನವೇ ಗಿರಣಿ ಪೂಜೆ." ನಮ್ಮವರು ಒಂದು ಒದ್ದೆ ಬಟ್ಟೆ ತೆಗೆದುಕೊಂಡು, ಆಗಲೇ ಒರೆಸಿದ್ದ ಡಬ್ಬಿಯನ್ನು ಮತ್ತೆ ಒರೆಸಿದರು. ಗಿರಣಿ ಬಂದರೆ ಆ ಕೈಗಳು ಏನು ಮಾಡುತ್ತವೆ ಎಂದು ನನಗೆ ಗೊತ್ತಿತ್ತು. ಅಪ್ಪನ ಕಣ್ಣ ಮುಂದೆ ಹಿಟ್ಟು ತುಂಬುತ್ತವೆ, ಜೀವನಪೂರ್ತಿ. ನಾನು ಕಿಂಡಿಯನ್ನು ಮುಚ್ಚಬೇಕಾಗುತ್ತದೆ, ಹಿಟ್ಟಿನ ಧೂಳು ಬರದ ಹಾಗೆ.

ಆಯುಧಪೂಜೆಯ ದಿನ ಬೆಳಿಗ್ಗೆ ಶೆಡ್ಡಿನಲ್ಲೇ ಪೂಜೆ. ಸ್ಪ್ಯಾನರು, ಸುತ್ತಿಗೆ, ಜಾಕು ಎಲ್ಲವನ್ನೂ ತೊಳೆದು, ವಿಭೂತಿ ಕುಂಕುಮ ಹಚ್ಚಿ ಮಣೆಯ ಮೇಲೆ ಜೋಡಿಸಿದೆವು. ಮಣೆಯ ಮೇಲಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ, ಗಾಡಿಯನ್ನು ಮಾತ್ರ ಪೂಜೆಯಾದ ಮೇಲೆ ಓಡಿಸಬಹುದು. ಏರಿಸಿದ ಹೂವನ್ನು ಕೈಯಿಂದ ಕೀಳುವಂತಿಲ್ಲ. ಹೂವು ತಾನಾಗಿ ಬಿದ್ದರೆ ಪ್ರಸಾದ. ಬಲಕ್ಕೆ ಬಿದ್ದರೆ ಕಾರ್ಯಸಿದ್ಧಿ, ಎಡಕ್ಕೆ ಬಿದ್ದರೆ ಬೇರೆ ಯೋಚಿಸಬೇಕು. ಇದು ನಮ್ಮ ಕಡೆಯ ಕಾನೂನು, ಹೂವಿನ ವಿಷಯದಲ್ಲಿ ಯಾವ ಎಂಜಿನ್ನಿಗೂ ರಿಯಾಯಿತಿ ಇಲ್ಲ. ಕಾರಿಗೆ ಬಾಳೆಕಂದು ಕಟ್ಟಿದರು, ಗಾಲಿಯಡಿ ನಿಂಬೆಹಣ್ಣು ಇಟ್ಟರು. ಗಂಗಮ್ಮನವರು ತಾವೇ ಆರತಿ ಎತ್ತಿದರು. ನಾನು ಒಳಗೆ ದಾರಿಗೆ ಚಕ್ಕುಲಿ ಕಟ್ಟುತ್ತಿದ್ದೆ, ನಮ್ಮವರು ಕುಂಬಳಕಾಯಿ ಒಡೆಯಲು ರಸ್ತೆಗೆ ಹೋಗಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಹೊರಟೆವು. ಸ್ಟಿಯರಿಂಗಿನಲ್ಲಿ ಡ್ರೈವರ್ ಹನುಮಂತ, ಅವನ ಪಕ್ಕ ನಮ್ಮವರು, ಹಿಂದೆ ಸಾಹುಕಾರರು, ಗಂಗಮ್ಮನವರು, ವಾಂತಿ ಬಂದರೆ ಹಿಡಿದುಕೊಳ್ಳಲು ನಾನು. ನನ್ನ ತೊಡೆಯ ಮೇಲೆ ಕೊಯ್ದ ನಿಂಬೆಹಣ್ಣು, ಒಂದು ಬೋಗುಣಿ.

ಶಿರಾಳಕೊಪ್ಪ ದಾಟುವವರೆಗೆ ಆಕೆ ಹಾಡಿಕೊಳ್ಳುತ್ತಿದ್ದರು. ಆಮೇಲೆ ಹಾಡು ನಿಂತಿತು. ನನಗೂ ವಾಸನೆ ಬಂತು, ಹಿಂದೆಂದಿಗಿಂತ ದಪ್ಪನಾಗಿ. ಗಂಗಮ್ಮನವರ ಕೈ ಬೋಗುಣಿ ತಡವಿತು. "ನಿಲ್ಲಿಸ್ರೀ," ಅಂದೆ.

ಬಾನೆಟ್ ಎತ್ತಿದರೆ ಒಳಗೆಲ್ಲ ಆಯಿಲ್. ಕಡ್ಡಿ ಮತ್ತೆ ತೂತಿನಿಂದ ಎದ್ದು ನಿಂತಿತ್ತು. ಉಸಿರು ಕಟ್ಟಿತ್ತು, ಅನುಮಾನವಿಲ್ಲ. ನಮ್ಮವರು ಡಬ್ಬಿ ನೋಡಿದರು, ಪೈಪು ನೋಡಿದರು, ಬಲಕ್ಕೆ ಬಂದು ಮೂತಿ ನೋಡಿದರು. ಮೂತಿಯೊಳಗೆ ದಪ್ಪನೆಯ ಚೆಂಡು ಹೂವೊಂದು ತೊಟ್ಟಿನ ಸಮೇತ ಗಟ್ಟಿಯಾಗಿ ಕೂತಿತ್ತು. ಸುತ್ತಲೂ ಮೆತ್ತಿದ್ದ ಗಂಧ ಬಿಸಿಗೆ ಒಣಗಿ ಸಿಮೆಂಟಾಗಿತ್ತು.

"ಇದನ್ನ ಯಾರು..."

"ನಾನೇ ಏರಿಸಿದ್ದು," ಗಂಗಮ್ಮನವರು ಬಾಗಿಲಿಗೆ ಒರಗಿಕೊಂಡೇ ಹೇಳಿದರು. "ನನ್ನ ಕಷ್ಟ ಕಳೆದಿದ್ದು ಆ ಡಬ್ಬಿ ಅಲ್ವೇನ್ರೀ? ಅದಕ್ಕೇ ಮೊದಲ ಹೂವು."

ನಮ್ಮವರು ಕೈ ಚಾಚಿದರು.

"ಮುಟ್ಟಬ್ಯಾಡ್ರೀ!" ಗಂಡ ಹೆಂಡತಿ ಒಟ್ಟಿಗೇ ಕೂಗಿದರು. ಅವರಿಬ್ಬರೂ ಒಂದೇ ಮಾತು ಆಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. "ಹಬ್ಬದ ದಿನ ಏರಿಸಿದ ಹೂವು ಕಿತ್ತು ಯಾವ ಅನಾಹುತ ತರ್ತೀರಿ?" ಎಂದರು ಸಾಹುಕಾರರು. ಆಮೇಲೆ ಸ್ವರ ಬದಲಿಸಿ, "ನಿಮ್ಮ ಡಬ್ಬಿ ಇಷ್ಟೇ ಅನ್ನಿ. ಸೊರಬದಿಂದ ಗಾಡಿ ತರಸೋಣ. ಬಸ್ಸು ಶಿವಮೊಗ್ಗಕ್ಕೇ ಸರಿ" ಎಂದರು.

ಪುಸ್ತಕದಲ್ಲಿ ಇದಕ್ಕೆ ಪರಿಹಾರ ಇರಲಿಲ್ಲ. ನಾನು ಎಲ್ಲ ಪುಟ ಓದಿದ್ದೆ. ರಸ್ತೆಯ ಪಕ್ಕದಲ್ಲಿ ಬೋಗುಣಿ ಹಿಡಿದು ನಿಂತು ನಮ್ಮವರ ಮುಖವನ್ನೇ ನೋಡಿದೆ. ಅವರು ಹೂವನ್ನು ನೋಡುತ್ತಿದ್ದರು, ಅಂಗಡಿಯಲ್ಲಿ ಮಾಲು ನೋಡುವ ಹಾಗೆ. ಆಮೇಲೆ ನಿಧಾನವಾಗಿ ಚಪ್ಪಲಿ ಬಿಟ್ಟರು. ಹೂವಿಗೆ ಕೈಮುಗಿದರು.

"ಸಾಹುಕಾರ್ರೇ, ನೀವಂದಿದ್ದೇ ಸರಿ. ಕೀಳೋದು ಬ್ಯಾಡ. ಕೇಳಣ. ಕೊಡೋದಾದ್ರೆ ಅದೇ ಕೊಡ್ಲಿ. ಬಸ್ಸು ನಮ್ಮ ಶೆಡ್ಡಿಗೆ ಬರೋದಿದ್ರೆ ಬಲಕ್ಕೆ ಕೊಡ್ಲಿ, ಇಲ್ಲಾಂದ್ರೆ ಎಡಕ್ಕೆ."

ಇಂಥ ನ್ಯಾಯಕ್ಕೆ ಯಾವ ಸಾಹುಕಾರ ಒಲ್ಲೆ ಎನ್ನುತ್ತಾನೆ? ಎಲ್ಲರೂ ಕೈಮುಗಿದು ನಿಂತೆವು. ನಮ್ಮವರು ಆಯಿಲ್ ಕಡ್ಡಿಯನ್ನು ಕೆಳಗೆ ಒತ್ತಿ, ಒಂದು ಬಟ್ಟೆಯಿಟ್ಟು ಅಂಗೈಯಿಂದ ಬಲವಾಗಿ ಹಿಡಿದುಕೊಂಡರು. ಭಕ್ತಿಯಿಂದ ಬಾಗಿದ್ದಾರೆಂದೇ ನೋಡಿದವರಿಗೆ ಕಾಣಬೇಕು. "ಹನುಮಂತ, ಎಂಜಿನ್ ಚಾಲೂ ಮಾಡಿ ಜೋರಾಗಿ ತುಳಿ" ಎಂದರು. ಎಂಜಿನ್ ಗುಡುಗಿತು. ಉಸಿರಿಗೆ ಈಗ ಉಳಿದದ್ದು ಒಂದೇ ದಾರಿ. ಕಾರು ಗಡಗಡ ನಡುಗಿತು. ಗಂಧದ ಕಟ್ಟು ಬಿರುಕು ಬಿಟ್ಟದ್ದು ನನಗೆ ಕಂಡಿತು. ಟಪ್ಪೆಂದು ಹೂವು ಹಾರಿ ಗಂಗಮ್ಮನವರ ಸೆರಗಿಗೆ ಬಿತ್ತು.

"ಬಲಕ್ಕೆ!" ಸಾಹುಕಾರರ ಕಣ್ಣಲ್ಲಿ ನೀರು. "ಬಲಕ್ಕೇ ಕೊಡ್ತಲ್ಲೋ ನನ್ನಪ್ಪ!"

ಮೂತಿಯೇ ಬಲಕ್ಕಿತ್ತು. ಆ ಹೂವು ಎಡಕ್ಕೆ ಬೀಳಬೇಕಾಗಿದ್ದರೆ ಆಗ ನಿಜವಾಗಿ ದೇವರೇ ಬರಬೇಕಿತ್ತು.

ಗಂಗಮ್ಮನವರು ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿದರು. ಕಣ್ಣ ಸುತ್ತ ಕಪ್ಪಗೆ ಆಯಿಲ್ ಹತ್ತಿತು. ಪ್ರಸಾದ ಒರೆಸಿಕೊಳ್ಳಿ ಎನ್ನಲು ನಾನು ಯಾರು? ಮಿಕ್ಕ ದಾರಿಯುದ್ದಕ್ಕೂ ಕಿಟಕಿ ತೆರೆದು ಆಕೆ ಮತ್ತೆ ಹಾಡಿದರು. ಸೊರಬದಲ್ಲಿ ಅಣ್ಣ ಲಾಟೀನು ಹಿಡಿದು ಬಾಗಿಲಿಗೆ ಬಂದವರು ತಂಗಿಯ ಮುಖ ನೋಡಿ ಬೆಚ್ಚಿದರು. "ಎಂತ ಮಾರಾಯ್ತಿ, ಕಾರಲ್ಲಿ ಬಂದ್ಯನೆ, ಕಾರು ಎಳ್ಕೊಂಡು ಬಂದ್ಯನೆ?" ಬೋಗುಣಿಯನ್ನು ನಾನು ಖಾಲಿಯಾಗಿಯೇ ವಾಪಸು ತಂದೆ.

ಬಸ್ಸುಗಳು ಬಂದವು. ಎರಡೂ ಹಳೆಯವೇ, ಎರಡೂ ಏದುಸಿರು ಬಿಡುವಂಥವೇ. ಎರಡಕ್ಕೂ ಡಬ್ಬಿ ಕಟ್ಟಿದೆವು. ಕಾರಿನ ಎಂಜಿನ್ನನ್ನೂ ಕೊನೆಗೆ ಬಿಚ್ಚಲು ಸಾಹುಕಾರರು ಒಪ್ಪಿದರು, ಆದರೆ ಅದಕ್ಕೂ ಮೊದಲು ಹೂವಿನ ಅಪ್ಪಣೆ ಕೇಳಿದರು. ಪ್ರತಿ ಆಯುಧಪೂಜೆಗೂ ಬಸ್ಸಿನ ಮೂತಿಗೆ ಚೆಂಡು ಹೂವು ಏರಬೇಕು, ಬಸ್ಸು ಹೂ ಕೊಡುವವರೆಗೆ ಲೈನಿಗೆ ಹೊರಡಬಾರದು ಎಂಬ ಪದ್ಧತಿ ಶುರುವಾಯಿತು. ನಾವು ಬೇಡವೆಂದರೆ ಬಸ್ಸು ಶಿವಮೊಗ್ಗಕ್ಕೆ. ಒಪ್ಪಿದರೆ ಉಸಿರು ಕಟ್ಟಿ ಎಂಜಿನ್ ಆಯಿಲ್ ಕಾರಿಕೊಳ್ಳುತ್ತದೆ. ಆಗ ನಾನೂ ನಮ್ಮವರೂ ಕಿಂಡಿಯ ಆಚೆ ಈಚೆ ಕೂತು ಯೋಚಿಸಿ ಎರಡು ಮೂತಿಯ ಡಬ್ಬಿ ಮಾಡಿದೆವು. ಮೇಲಿನದು ತಾಮ್ರದ್ದು, ಎಲ್ಲರಿಗೂ ಕಾಣುವಂಥದ್ದು, ಬಲಕ್ಕೆ ಬಗ್ಗಿಸಿದ್ದು. ಅದಕ್ಕೆ ಬೇಕಾದಷ್ಟು ಹೂವು ತುರುಕಲಿ. ಕೆಳಗಿನದು ಯಾರಿಗೂ ಕಾಣದ ಹಾಗೆ ಗಾಲಿಯ ಹಿಂದೆ. ಎಂಜಿನ್ ಉಸಿರಾಡುವುದು ಅದರಲ್ಲಿ. ಪ್ರಸಾದದ ಹೊತ್ತಿಗೆ ನಮ್ಮವರು ಗಾಲಿಗೆ ನಮಸ್ಕಾರ ಮಾಡುವವರಂತೆ ಬಗ್ಗಿ, ಕೆಳಗಿನ ಮೂತಿಯನ್ನು ಅಂಗೈಯಿಂದ ಒಂದು ಗಳಿಗೆ ಮುಚ್ಚುವರು. ಡ್ರೈವರ್ ಜೋರಾಗಿ ತುಳಿಯುವನು. ಸಾಹುಕಾರರು ಇರುವವರೆಗೂ ಬಸ್ಸುಗಳು ತಪ್ಪದೆ ಹೂ ಕೊಟ್ಟವು, ಬಲಕ್ಕೇ ಕೊಟ್ಟವು. ಗಿರಣಿಯ ಕಲ್ಲುಗಳ ಮೇಲೆ ನಾವು ಜಾಕು ಇಡತೊಡಗಿದೆವು.

ಆದ್ದರಿಂದ ಸೌಮ್ಯ, ಆ ಮೇಲಿನ ಮೂತಿಯನ್ನು ಕೊಯ್ದು ಹಾಕಬೇಡ. ಅದು ಎಂಜಿನ್ನಿಗೆ ಬೇಕಾದದ್ದಲ್ಲ, ನಿಜ. ಗಿರಾಕಿಗಳು ಇನ್ನೂ ಬರುತ್ತಾರೆ. ಅವರು ತರುವ ಹೂವು ಬೇರೆ ಬೇರೆ ಇರುತ್ತದೆ ಅಷ್ಟೆ.

ಮಾವನಿಗೆ ಇದೆಲ್ಲ ಗೊತ್ತಿರಲಿಲ್ಲ ಎಂದೇ ನಾವು ತಿಳಿದಿದ್ದೆವು. ಒಂದು ಆಯುಧಪೂಜೆಯ ಊಟಕ್ಕೆ ಕೂತಾಗ ನಮ್ಮವರ ಬಲ ಅಂಗೈಯಲ್ಲಿ ದುಂಡನೆಯ ಕಪ್ಪು ಗುರುತಿತ್ತು, ಪೈಪಿನ ಬಾಯಿಯಷ್ಟೇ ಅಗಲ. ಎಷ್ಟು ತೊಳೆದರೂ ಹೋಗಿರಲಿಲ್ಲ. ಮಾವ ಆ ಕೈಯನ್ನು ನೋಡಿದರು, ಎಲೆಯನ್ನು ನೋಡಿದರು, ನನ್ನನ್ನು ನೋಡಿದರು.

"ದೇವರ ಕೆಲಸ ಮಾಡಿ ದಣಿದ ಕೈ," ಎಂದರು. "ಅವನಿಗೆ ಇನ್ನೊಂದು ಹೋಳಿಗೆ ಬಡಿಸೇ, ಕಾನ್ವೆಂಟಮ್ಮ."